ಒಂಬತ್ತು ವಾಚನ, ಹದಿನಾರು ಗಾಯಕರು, ಒಂದು ಆರ್ಗನ್: ಕ್ರಿಸ್ಮಸ್ ಕ್ಯಾರಲ್ ಆರಾಧನೆಯ ತಯಾರಿ

ಪ್ರಶ್ನೆ: ನಮ್ಮದು ಸುಮಾರು 150 ಜನ ಸೇರುವ ಕನ್ನಡ ಸಭೆ. ಕ್ವಾಯರ್‌ನಲ್ಲಿ 16 ಮಂದಿ ಇದ್ದೇವೆ: 7 ಸೊಪ್ರಾನೊ (ಹೆಂಗಸರ ಮೇಲಿನ ದನಿ), 4 ಆಲ್ಟೊ (ಹೆಂಗಸರ ಕೆಳಗಿನ ದನಿ), 2 ಟೆನರ್ (ಗಂಡಸರ ಮೇಲಿನ ದನಿ), 3 ಬಾಸ್ (ಗಂಡಸರ ಕೆಳಗಿನ ದನಿ). ಎರಡು ಮ್ಯಾನ್ಯುವಲ್ (ಕೈಯ ಕೀಲಿಮಣೆ) ಮತ್ತು ಪೆಡಲ್ (ಕಾಲಿನ ಕೀಲಿಮಣೆ) ಇರುವ ಡಿಜಿಟಲ್ ಆರ್ಗನ್ ಇದೆ, ಆದರೆ ನುಡಿಸುವವರಿಗೆ ಪೆಡಲ್ ರೂಢಿಯಿಲ್ಲ. ಡಿಸೆಂಬರ್ ಮೂರನೇ ಭಾನುವಾರ ಸಂಜೆ ‘ನೈನ್ ಲೆಸನ್ಸ್ ಅಂಡ್ ಕ್ಯಾರಲ್ಸ್’, ಅಂದರೆ ಒಂಬತ್ತು ಬೈಬಲ್ ವಾಚನಗಳ ನಡುನಡುವೆ ಕ್ರಿಸ್ಮಸ್ ಹಾಡುಗಳಿರುವ ಆರಾಧನೆ ಇಟ್ಟುಕೊಂಡಿದ್ದೇವೆ. ಹೋದ ವರ್ಷ ಮೊದಲ ಹಾಡಿನಲ್ಲೇ ಶ್ರುತಿ ಇಳಿದು, ಆರ್ಗನ್ ಸೇರಿದ ಕೂಡಲೇ ಎಲ್ಲರೂ ಬೆಚ್ಚುವಂತಾಯಿತು. ಎಂಟು ವಾರ ಸಮಯವಿದೆ, ಶನಿವಾರಕ್ಕೊಮ್ಮೆ ಒಂದೂವರೆ ಗಂಟೆ ಅಭ್ಯಾಸ. ಯಾವ ಹಾಡು, ಯಾವ ಶ್ರುತಿಯಲ್ಲಿ? ಆರ್ಗನ್‌ನಲ್ಲಿ ಏನು ನುಡಿಸಬೇಕು? ಕನ್ನಡದ ಪದಗಳು ಈ ರಾಗಗಳಿಗೆ ಸರಿಯಾಗಿ ಕೂರುವುದಿಲ್ಲವಲ್ಲ, ಅದಕ್ಕೇನು ಮಾಡುವುದು?

ಉತ್ತರ: ಮೊದಲು ಹೋದ ವರ್ಷದ ಎಡವಟ್ಟಿನಿಂದಲೇ ಶುರು ಮಾಡೋಣ. ನಿಮ್ಮ ಉಳಿದ ಪ್ರಶ್ನೆಗಳ ಅರ್ಧ ಉತ್ತರ ಅದರೊಳಗೇ ಇದೆ.

ಆ ಮೊದಲ ಹಾಡು ‘ಒನ್ಸ್ ಇನ್ ರಾಯಲ್ ಡೇವಿಡ್ಸ್ ಸಿಟಿ’ ಎಂದುಕೊಳ್ಳುತ್ತೇನೆ. ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜಿನಲ್ಲಿ ಈ ಆರಾಧನೆ ಶುರುವಾದದ್ದು 1918ರ ಕ್ರಿಸ್ಮಸ್ ಹಿಂದಿನ ಸಂಜೆ, ಮಹಾಯುದ್ಧ ಮುಗಿದು ಆರು ವಾರವಾಗಿತ್ತು. ಅದನ್ನು ರೂಪಿಸಿದವರು ಅಲ್ಲಿನ ಡೀನ್ ಎರಿಕ್ ಮಿಲ್ನರ್-ವೈಟ್. ಮೂಲ ಕಲ್ಪನೆ ಇನ್ನೂ ಹಳೆಯದು: 1880ರಲ್ಲಿ ಕಾರ್ನ್‌ವಾಲ್‌ನ ಟ್ರೂರೋದಲ್ಲಿ, ತಾತ್ಕಾಲಿಕವಾಗಿ ಕಟ್ಟಿದ ಮರದ ಕಟ್ಟಡದಲ್ಲಿ ಬಿಷಪ್ ಬೆನ್ಸನ್ ನಡೆಸಿದ್ದು. 1919ರಿಂದ ಕಿಂಗ್ಸ್‌ನಲ್ಲಿ ಮೊದಲ ಹಾಡು ಇದೇ. ಮೊದಲ ಚರಣ ಒಬ್ಬನೇ ಹುಡುಗ, ಯಾವ ವಾದ್ಯವೂ ಇಲ್ಲದೆ. ಎರಡನೆಯದು ಕ್ವಾಯರ್ ನಾಲ್ಕು ದನಿಯಲ್ಲಿ, ಆಗಲೂ ವಾದ್ಯವಿಲ್ಲ. ಮೂರನೆಯದಕ್ಕೆ ಆರ್ಗನ್ ಮತ್ತು ಸಭೆ. ಅಂದರೆ ಎರಡು ಚರಣ ಶ್ರುತಿಯ ಆಸರೆಯೇ ಇರುವುದಿಲ್ಲ. ಇಳಿದದ್ದು ಆ ಎರಡು ಚರಣಗಳಲ್ಲಿ, ಗೊತ್ತಾದದ್ದು ಮೂರನೆಯದರಲ್ಲಿ.

ಯಾಕೆ ಇಳಿಯುತ್ತದೆ? ಈ ರಾಗ ಗಾಂಟ್ಲೆಟ್ 1849ರಲ್ಲಿ ಹಾಕಿದ್ದು, ಹೆಸರು ‘ಇರ್ಬಿ’. ನಮ್ಮ ಸ್ವರದಲ್ಲಿ ಬರೆದುಕೊಂಡರೆ ಮೊದಲ ನಾಲ್ಕು ಸ್ವರ ಪ ನಿ ಸ ಸ. ಮಂದ್ರ ಪಂಚಮದಿಂದ ನೇರ ನಿಷಾದಕ್ಕೆ ಹಾರಿ, ಅಲ್ಲಿಂದ ಷಡ್ಜಕ್ಕೆ. ಮುಂದಿನ ತುಂಡಿನಲ್ಲಿ ‘ಡೇ’ ಎಂಬಲ್ಲಿ ಸ-ನಿ, ಎರಡನೇ ಸಾಲಿನ ಕೊನೆಗೆ ಗ-ರಿ ಸ-ನಿ ಸ. ಈ ಎರಡು ಸಾಲು ಮತ್ತೆ ಬರುತ್ತವೆ. ಲೆಕ್ಕ ಹಾಕಿ: ಮೊದಲ ನಾಲ್ಕು ಸಾಲಿನಲ್ಲೇ ಆ ನಿಷಾದವನ್ನು ಆರು ಸಲ ಮುಟ್ಟಬೇಕು. ಅದು ಕಾಕಲಿ ನಿಷಾದ, ಷಡ್ಜಕ್ಕೆ ಅಂಟಿಕೊಂಡಂತೆ ಎತ್ತರದಲ್ಲಿರಬೇಕು. ದಣಿದ ದನಿ, ಹೆದರಿದ ಮಗು ಅದನ್ನು ಒಂದು ಕೂದಲೆಳೆ ಕೆಳಗೆ ಹಾಡುತ್ತದೆ; ಮುಂದಿನ ಷಡ್ಜ ಆ ನಿಷಾದವನ್ನೇ ನಂಬಿ ಕೂರುತ್ತದೆ. ಆರು ಸಲ ಕೂದಲೆಳೆ ಇಳಿದರೆ ಒಂದು ಚರಣಕ್ಕೆ ಕಾಲು ಸ್ವರ, ಎರಡಕ್ಕೆ ಅರ್ಧ ಸ್ವರ.

ಅಭ್ಯಾಸ ಹೀಗಿರಲಿ. ಹಾಡು ಜಿ ಮೇಜರ್‌ನಲ್ಲಿದ್ದರೆ, ಅಂದರೆ ಜಿ ಸ್ವರವೇ ಷಡ್ಜವಾಗಿದ್ದರೆ, ತಂಬೂರಿ ಆ್ಯಪ್ ಅಥವಾ ಶ್ರುತಿಪೆಟ್ಟಿಗೆಯನ್ನು ಐದು ಮನೆಗೆ, ಅಂದರೆ ಬಿಳಿ ಐದಕ್ಕೆ ಇಡಿ. ಪ ನಿ ಸ ಎಂದು ಮಾತ್ರ ಹಾಡಿಸಿ, ನಿಷಾದದ ಮೇಲೆ ನಾಲ್ಕು ಎಣಿಕೆ ನಿಲ್ಲಿಸಿ. ಶ್ರುತಿಗೆ ಅದು ‘ಚುಚ್ಚುವ’ ಹಾಗೆ ಕೇಳಿದರೆ ಸರಿಯಾದ ಜಾಗದಲ್ಲಿದೆ ಎಂದರ್ಥ; ಹಿತವಾಗಿ ಕೇಳಿದರೆ ಕೆಳಗಿದೆ. ಹತ್ತು ನಿಮಿಷ ಸಾಕು, ಆದರೆ ಎಂಟು ಶನಿವಾರವೂ ಬೇಕು. ಆಮೇಲೆ ಶ್ರುತಿ ನಿಲ್ಲಿಸಿ ಎರಡು ಚರಣ ಹಾಡಿಸಿ, ಕೊನೆಗೆ ಶ್ರುತಿ ಹಾಕಿ ನೋಡಿ. ಎಲ್ಲಿಗೆ ಬಂದು ನಿಂತಿದ್ದೀರಿ ಎಂಬುದು ಅವರ ಕಿವಿಗೇ ಗೊತ್ತಾಗಲಿ, ನೀವು ಬಾಯಿಬಿಟ್ಟು ಹೇಳಬೇಡಿ.

ಒಂಟಿ ಚರಣಕ್ಕೆ ಒಂದೇ ಮಗುವನ್ನು ನೆಚ್ಚಿಕೊಳ್ಳಬೇಡಿ. ಕಿಂಗ್ಸ್‌ನಲ್ಲಿ ಹಲವು ಹುಡುಗರನ್ನು ಸಿದ್ಧಮಾಡಿಟ್ಟು, ಯಾರು ಹಾಡಬೇಕೆಂದು ಆರಾಧನೆ ಶುರುವಾಗುವ ಹೊತ್ತಿಗಷ್ಟೇ ತಿಳಿಸುವ ಪದ್ಧತಿಯಿದೆ. ಹುಡುಗ ರಾತ್ರಿಯಿಡೀ ನಿದ್ದೆಗೆಡಬಾರದು ಎನ್ನುವುದು ಅದರ ಗುಟ್ಟು. ಡಿಸೆಂಬರ್‌ನ ನೆಗಡಿ-ಕೆಮ್ಮಿನ ಕಾಲದಲ್ಲಿ ನಿಮಗೂ ಮೂವರಾದರೂ ಬೇಕು.

ಇನ್ನು ರಕ್ಷಣೆಯ ಉಪಾಯ. ನಿಮ್ಮಂಥ ಕ್ವಾಯರ್‌ಗೆ ಎರಡನೇ ಚರಣವನ್ನು ವಾದ್ಯವಿಲ್ಲದೆ ಹಾಡುವ ಹಟ ಬೇಡ. ಆ ಚರಣಕ್ಕೆ ಸ್ವೆಲ್ (ದನಿ ಏರಿಳಿಸಬಹುದಾದ) ಮ್ಯಾನ್ಯುವಲ್‌ನಲ್ಲಿ 8 ಅಡಿಯ (ಈ ಅಡಿ ಲೆಕ್ಕ ಮುಂದೆ ಹೇಳುತ್ತೇನೆ) ಮೆದು ಫ್ಲೂಟ್ ಒಂದೇ ಒಂದು, ದನಿ ತಗ್ಗುವಂತೆ ಸ್ವೆಲ್ ಪೆಡಲ್ ಮುಚ್ಚಿ. ಸಭೆಗೆ ಕೇಳಿಸುವುದೇ ಇಲ್ಲ, ಹಾಡುವವರಿಗೆ ಆಸರೆ. ಇಳಿಯಲು ಒಂದು ಚರಣವಷ್ಟೇ ಉಳಿಯಿತು. ಆರಾಧನೆಗೆ ಮುಂಚಿನ ಆರ್ಗನ್ ವಾದನ ಜಿ ಮೇಜರ್‌ನಲ್ಲೇ ಮುಗಿಯಲಿ, ಕೊನೆಯ ಸ್ವರ ನಿಂತ ಕೂಡಲೇ ಮಗು ಎತ್ತಿಕೊಳ್ಳಲಿ. ನಡುವೆ ಪ್ರಕಟಣೆ, ಮೈಕ್ ತಟ್ಟುವುದು, ‘ಮೊಬೈಲ್ ಸ್ವಿಚ್ ಆಫ್ ಮಾಡಿ’ ಎಲ್ಲ ಮೊದಲೇ ಮುಗಿದಿರಬೇಕು. ಇಷ್ಟಾದ ಮೇಲೂ ಇಳಿದುಬಿಟ್ಟರೆ ಆರ್ಗನಿಸ್ಟ್ ತಡಬಡಾಯಿಸದೆ, ಮೂರನೇ ಚರಣಕ್ಕೆ ಮುನ್ನ ಹಾಡಿನ ಕೊನೆಯ ಸಾಲನ್ನು ಜೋರಾಗಿ ಜಿ ಮೇಜರ್‌ನಲ್ಲೇ ನುಡಿಸಲಿ. ಹೊಸ ಶ್ರುತಿ ಎಲ್ಲರ ಕಿವಿಗೂ ಬೀಳುತ್ತದೆ, ನಡುವೆ ಏನಾಯಿತೆಂದು ಯಾರೂ ಕೇಳುವುದಿಲ್ಲ. ಟ್ರಾನ್ಸ್‌ಪೋಸ್ ಗುಂಡಿ ಮುಟ್ಟಿ ಇಳಿದ ಶ್ರುತಿಗೆ ಹೊಂದಿಸಲು ಹೋಗಬೇಡಿ. ಅದನ್ನು ವಾಪಸ್ ತಿರುಗಿಸಲು ಮರೆತು ಮುಂದಿನ ಹಾಡೂ ಕೆಡುವುದು ಈ ವಾದ್ಯಗಳ ತೀರಾ ಮಾಮೂಲಿ ಅಪಘಾತ.

ನಡೆದುಕೊಂಡು ಹಾಡುವ ವಿಷಯವೂ ಇದೆ. ನಾಲ್ಕು ದನಿಯ ಚರಣವನ್ನು 16 ಜನ ನಡೆಯುತ್ತಾ ಹಾಡಿದರೆ ಮುಂದಿನ ಜೋಡಿಗೆ ಹಿಂದಿನ ಬಾಸ್ ಕೇಳಿಸುವುದಿಲ್ಲ. ಎರಡು ಚರಣ ಬಾಗಿಲ ಬಳಿ ಒತ್ತಾಗಿ ನಿಂತು ಹಾಡಿ, ಮೂರನೆಯದಕ್ಕೆ ಆರ್ಗನ್ ಜತೆ ಹೆಜ್ಜೆ ಹಾಕಿ. ತಾಳಕ್ಕೆ ಹೆಜ್ಜೆ ಹಾಕುವುದು ಬೇಡ, ಅದು ಪರೇಡ್ ಆಗುತ್ತದೆ.

ಇಲ್ಲಿ ಇನ್ನೊಂದು ಬಲೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಆರ್ಗನ್ ಸ್ಪೀಕರ್ ಮುಂದೆ, ಕ್ವಾಯರ್ 30 ಮೀಟರ್ ಹಿಂದೆ ಇದ್ದರೆ ಆರ್ಗನ್ ಅವರಿಗೆ ತಲುಪಲು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು, ಅವರ ದನಿ ವಾಪಸ್ ಬರಲು ಮತ್ತಷ್ಟೇ. ಆರ್ಗನಿಸ್ಟ್ ಕಿವಿಗೊಟ್ಟು ‘ಅವರಿಗಾಗಿ ಕಾದರೆ’ ಅವರು ಇವರಿಗಾಗಿ ಕಾಯುತ್ತಾರೆ, ಹಾಡು ಚರಣದಿಂದ ಚರಣಕ್ಕೆ ಜೋಲುತ್ತದೆ. ಪರಿಹಾರ ಕಣ್ಣು: ಆರ್ಗನ್ ಮೇಲೆ ಒಂದು ಕನ್ನಡಿ ಇಟ್ಟು ನಿರ್ದೇಶಕರ ಕೈ ನೋಡಿ ನುಡಿಸುವುದು. ಹದಿನೈದು ಮೀಟರಿನ ಒಳಗಿನ ಚರ್ಚಾದರೆ ಇದು ದೊಡ್ಡ ಸಮಸ್ಯೆಯಲ್ಲ.

ಈಗ ಹಾಡುಗಳ ಆಯ್ಕೆ. ಏಳು ಸೊಪ್ರಾನೊ, ಇಬ್ಬರು ಟೆನರ್ ಇರುವ ಕ್ವಾಯರ್ ಆರೂ ಹಾಡನ್ನು ನಾಲ್ಕು ದನಿಯಲ್ಲೇ ಹಾಡಬೇಕೆಂದು ಹೊರಟರೆ ಆರೂ ಅರೆಬೆಂದಿರುತ್ತವೆ. ಮೂರು ಮಾತ್ರ ನಾಲ್ಕು ದನಿಯವು, ಎರಡು ಒಂದೇ ದನಿಯವು, ಒಂದು ನಮ್ಮದೇ ತಾಳದ ಕೀರ್ತನೆ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಹಂಚಿಕೆ ಇಲ್ಲ.

ನಾಲ್ಕು ದನಿಗೆ ಮೊದಲು ಪ್ರಿಟೋರಿಯಸ್ 1609ರಲ್ಲಿ ಹೊಂದಿಸಿದ ‘ಎಸ್ ಇಸ್ಟ್ ಐನ್ ರೋಸ್’. ನಿಧಾನ, ಯಾರಿಗೂ ತೀರಾ ಮೇಲಿನ ಸ್ವರವಿಲ್ಲ, ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಬದಲಾಗುವುದನ್ನು ಕೇಳಿಸಿಕೊಳ್ಳಲು ಸಮಯ ಸಿಗುತ್ತದೆ. ಯೆಶಾಯ 11ರ ‘ಇಷಯನ ಬುಡದಿಂದ ಚಿಗುರು’ ಓದಿದ ಮೇಲೆ ಇದಕ್ಕಿಂತ ಹೊಂದುವ ಹಾಡಿಲ್ಲ. ಎರಡನೆಯದು ಹೋಲ್ಸ್ಟ್ 1906ರಲ್ಲಿ ರಾಗ ಹಾಕಿದ ‘ಇನ್ ದ ಬ್ಲೀಕ್ ಮಿಡ್‌ವಿಂಟರ್’. ಸ್ತೋತ್ರದಷ್ಟೇ ಸರಳ, ಆದರೆ ಒಂದೊಂದು ಚರಣಕ್ಕೂ ಅಕ್ಷರಗಳ ಸಂಖ್ಯೆ ಬೇರೆ. ಎಲ್ಲಿ ಸ್ವರ ಒಡೆಯಬೇಕು ಎಂದು ಪೆನ್ಸಿಲ್‌ನಲ್ಲಿ ಎಲ್ಲರ ಹಾಳೆಯಲ್ಲೂ ಗುರುತು ಹಾಕಿಸದಿದ್ದರೆ ಪ್ರತಿಯೊಬ್ಬರೂ ತಮ್ಮ ಲೆಕ್ಕದಲ್ಲಿ ಹಾಡುತ್ತಾರೆ. ಮೂರನೆಯದು 16ನೇ ಶತಮಾನದ ಕವೆಂಟ್ರಿ ಕ್ಯಾರಲ್, ಹೆರೋದ ಕೊಲ್ಲಿಸಿದ ಮಕ್ಕಳಿಗೆ ತಾಯಂದಿರ ಜೋಗುಳ. ಮತ್ತಾಯ 2ರ ಪಕ್ಕ ಇಡಿ. ಮೈನರ್‌ನಲ್ಲಿ ಸಾಗಿ ಕೊನೆಯ ಕಾರ್ಡ್ ಮೇಜರ್ ಆಗುತ್ತದೆ. ಆ ಕೊನೆಯ ಗಾಂಧಾರ ಹಿಡಿದವರು ಅದನ್ನು ಎತ್ತರದಲ್ಲಿಟ್ಟರೆ ಕತ್ತಲಲ್ಲಿ ದೀಪ ಹಚ್ಚಿದಂತಿರುತ್ತದೆ, ಸ್ವಲ್ಪ ಇಳಿಸಿದರೂ ಮೈನರೋ ಮೇಜರೋ ಎಂಬ ಗುಮಾನಿ.

ಪಿಯರ್ಸಾಲ್‌ನ ‘ಇನ್ ಡಲ್ಚಿ ಜ್ಯೂಬಿಲೋ’ ಚೆನ್ನಾಗಿದೆ ಎಂದು ಯಾರಾದರೂ ಆಸೆ ತೋರಿಸಬಹುದು. ಎಂಟು ದನಿಗೆ ಬರೆದದ್ದು ಅದು. ಬಿಡಿ.

ಟೆನರ್ ಸಮಸ್ಯೆಗೆ: ಕೆಳದನಿಯ ಒಬ್ಬ ಆಲ್ಟೊ ಮತ್ತು ಮೇಲಕ್ಕೆ ಹೋಗಬಲ್ಲ ಒಬ್ಬ ಬಾಸ್ ಟೆನರ್ ಸಾಲಿಗೆ ಸೇರಲಿ. ಆಗ ಲೆಕ್ಕ 7, 3, 4, 2 ಆಗುತ್ತದೆ. ಬಾಸ್ ಇಬ್ಬರೇ ಆದರೂ ಚಿಂತೆಯಿಲ್ಲ, ಆರ್ಗನ್ ಇರುವ ಹಾಡುಗಳಲ್ಲಿ ಅದರ ಬಾಸ್ ಸಾಲು ತುಂಬಿಕೊಡುತ್ತದೆ. ಏಳು ಸೊಪ್ರಾನೊಗಳಲ್ಲಿ ಇಬ್ಬರನ್ನು ಆಲ್ಟೊಗೆ ಕಳಿಸಿದರೆ ಇನ್ನೂ ಒಳ್ಳೆಯದು. ಅವರು ಮುನಿಸಿಕೊಳ್ಳದಂತೆ ಹೇಳುವ ಕೆಲಸ ನಿಮ್ಮದು.

ಒಂದೇ ದನಿಗೆ ‘ಓ ಕಮ್, ಓ ಕಮ್ ಎಮ್ಯಾನುಯೆಲ್’ ಮತ್ತು ‘ಆಫ್ ದ ಫಾದರ್ಸ್ ಹಾರ್ಟ್ ಬಿಗಾಟನ್’. ಡಿಸೆಂಬರ್ ಮೂರನೇ ಭಾನುವಾರ ಎಂದರೆ ಇನ್ನೂ ಆಗಮನ ಕಾಲ, ಕ್ರಿಸ್ಮಸ್‌ಗಾಗಿ ಕಾಯುವ ವಾರಗಳು. ಮೊದಲನೆಯದು ಆ ಕಾಲದ್ದೇ ಹಾಡು, ಅದರ ಚರಣಗಳು ಡಿಸೆಂಬರ್ 17ರಿಂದ 23ರವರೆಗೆ ಸಂಜೆ ಪ್ರಾರ್ಥನೆಯಲ್ಲಿ ಬರುತ್ತಿದ್ದ ಏಳು ‘ಓ’ ಸಂಬೋಧನೆಗಳಿಂದ ಹುಟ್ಟಿದವು. ಇವೆರಡಕ್ಕೂ ತಾಳದ ಚೌಕಟ್ಟು ಬಿಗಿಯಾಗಿರಬಾರದು, ಮಾತಿನ ಓಟದಲ್ಲಿ ಹೋಗಬೇಕು. ಗಂಡಸರು ಒಂದು ಚರಣ, ಹೆಂಗಸರು ಒಂದು ಚರಣ, ಎಲ್ಲ ಸೇರಿ ಒಂದು. ಟೆನರ್ ಇಬ್ಬರೇ ಎಂಬುದು ಇಲ್ಲಿ ಗೊತ್ತೇ ಆಗುವುದಿಲ್ಲ.

ಕೀರ್ತನೆಯ ವಿಷಯದಲ್ಲಿ ಕನ್ನಡ ಸಭೆಗಳಿಗೆ ಉದ್ದದ ಪರಂಪರೆಯಿದೆ. ನಿಘಂಟಿನಿಂದ ನಮಗೆಲ್ಲ ಪರಿಚಿತರಾದ ಕಿಟ್ಟೆಲ್ 1862ರಲ್ಲೇ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ದೇಸೀ ಛಂದಸ್ಸಿಗೆ ಇಳಿಸಿದ್ದರು. ಅವರಿದ್ದ ಬಾಸೆಲ್ ಮಿಷನ್ ಕಡೆಯಿಂದ ಜರ್ಮನ್ ಕೋರಾಲ್ (ಸಭೆ ಹಾಡುವ ಸ್ತೋತ್ರ) ರಾಗಗಳೂ ಬಂದವು. ಹಾಗಾಗಿ ಒಂದೇ ಆರಾಧನೆಯಲ್ಲಿ ಎರಡೂ ಇರುವುದು ನಮಗೆ ಹೊಸತಲ್ಲ. ತಪ್ಪಾಗುವುದು ಆರ್ಗನಿಸ್ಟ್ ಕೀರ್ತನೆಗೂ ಕಾರ್ಡ್ ಹಾಕಲು ಹೊರಟಾಗ. ಗಮಕ ಇರುವ ಕಡೆ ಕಾರ್ಡ್ ಬಿದ್ದರೆ ರಾಗ ಸತ್ತಂತೆ. ಆರ್ಗನ್ ಮೆದು ಫ್ಲೂಟ್‌ನಲ್ಲಿ ಷಡ್ಜ-ಪಂಚಮ ಹಿಡಿದಿರಲಿ, ಅಷ್ಟೇ. ಸಾಲು ಹಾರ್ಮೋನಿಯಂಗೆ, ನಡಿಗೆ ತಬಲಕ್ಕೆ. ಹಾರ್ಮೋನಿಯಂ ಶ್ರುತಿ ಆರ್ಗನ್‌ಗೆ ಸರಿಹೊಂದುತ್ತದೋ ಎಂದು ಈ ವಾರವೇ ನೋಡಿ. ಹಳೆಯ ಪೆಟ್ಟಿಗೆಗಳು ಹೊಂದದಿರುವುದೇ ಹೆಚ್ಚು. ಹೊಂದದಿದ್ದರೆ ಕೀರ್ತನೆಗೆ ಆರ್ಗನ್ ಮುಚ್ಚಿಬಿಡಿ.

ಪದಗಳ ಪ್ರಶ್ನೆ ಕೇಳಿದಿರಿ. ಕನ್ನಡದಲ್ಲಿ ಒತ್ತು ಬೀಳುವುದು ಪದದ ಮೊದಲ ಅಕ್ಷರಕ್ಕೆ. ಪಾಶ್ಚಾತ್ಯ ರಾಗಗಳಲ್ಲಿ ಎರಡು ಬಗೆ: ಪೆಟ್ಟಿನ ಮೇಲೇ ಶುರುವಾಗುವುವು, ಪೆಟ್ಟಿಗೆ ಮುಂಚೆ ಒಂದು ಸ್ವರ ಎತ್ತಿಕೊಂಡು ಶುರುವಾಗುವುವು. ‘ಸೈಲೆಂಟ್ ನೈಟ್’, ‘ಹಾರ್ಕ್ ದ ಹೆರಲ್ಡ್’, ‘ಜಾಯ್ ಟು ದ ವರ್ಲ್ಡ್’, ಇರ್ಬಿ ಮೊದಲ ಬಗೆಯವು, ಕನ್ನಡ ಸುಲಭವಾಗಿ ಕೂರುತ್ತದೆ. ‘ಓ ಕಮ್ ಆಲ್ ಯೀ ಫೇಯ್ತ್‌ಫುಲ್’, ‘ದ ಫಸ್ಟ್ ನೋಯೆಲ್’ ಎರಡನೇ ಬಗೆ. ಅಲ್ಲಿ ‘ಬನ್ನಿರಿ’ ಎಂದು ಶುರು ಮಾಡಿದರೆ ‘ಬ’ ಎತ್ತುಗಡೆಯ ಸ್ವರಕ್ಕೆ ಹೋಗಿ, ಪೆಟ್ಟು ‘ನ್ನಿ’ ಮೇಲೆ ಬಿದ್ದು, ‘ಬನ್ನೀರಿ’ ಎಂದು ಕೇಳಿಸುತ್ತದೆ. ಪೆಟ್ಟಿಗೆ ಮುಂಚಿನ ಸ್ವರಕ್ಕೆ ‘ಓ’ ಕೊಟ್ಟು ‘ಬ’ವನ್ನು ಪೆಟ್ಟಿನ ಮೇಲೆ ತಂದರೆ ಮುಗಿಯಿತು. ಇಂಗ್ಲಿಷ್ ಪದ್ಯದ ‘ಓ’ ಕೂಡ ಅದೇ ಕೆಲಸ ಮಾಡುತ್ತಿದೆ. ಅನುವಾದ ಹೊಸದಾಗಿ ಮಾಡುವವರಿಗೆ ಒಂದೇ ಮಾತು: ಉದ್ದ ಸ್ವರಕ್ಕೆ ಗುರು, ಚಿಕ್ಕದಕ್ಕೆ ಲಘು, ಪೆಟ್ಟಿಗೆ ಪದದ ತಲೆ. ಮೂರೂ ಒಟ್ಟಿಗೆ ಸಿಗದಿದ್ದರೆ ಪದದ ತಲೆಯನ್ನು ಉಳಿಸಿಕೊಳ್ಳಿ.

ಹಾಡುವಾಗಿನ ತಪ್ಪು ಬೇರೆ. ‘ಹುಟ್ಟಿದನು’ ಎಂಬುದರ ‘ಹು’ ಎರಡು ಎಣಿಕೆಯ ಸ್ವರದ ಮೇಲೆ ಬಂದಿದೆ ಎನ್ನಿ. ಹೆಚ್ಚಿನವರು ‘ಹುಟ್’ ಎಂದು ಮೊದಲೇ ನಾಲಿಗೆ ಮುಚ್ಚಿಬಿಡುತ್ತಾರೆ, ದನಿ ಅಲ್ಲಿಗೆ ನಿಂತು ಸ್ವರಕ್ಕೆ ತೂತು ಬೀಳುತ್ತದೆ. ‘ಹು’ಕಾರವನ್ನೇ ಎರಡೂ ಎಣಿಕೆ ಹಿಡಿದು, ಮುಂದಿನ ಪೆಟ್ಟಿನ ಅಂಚಿನಲ್ಲಿ ‘ಟ್ಟಿ’ ಎಂದು ಒಟ್ಟಿಗೆ ಹಾಕಬೇಕು. ರಕ್ಷಕ, ನಕ್ಷತ್ರ, ಬೆತ್ಲೆಹೇಮ್ ಎಲ್ಲಕ್ಕೂ ಇದೇ. ಹಾಗೆಯೇ ಹಿಡಿಯುವ ಭರದಲ್ಲಿ ‘ಹೂಟ್ಟಿದನು’ ಆಗದಿರಲಿ: ಉದ್ದವಾಗಬೇಕಾದದ್ದು ಸ್ವರ, ಬಾಯಿಯ ಆಕಾರ ಹ್ರಸ್ವದ್ದೇ ಇರಬೇಕು.

ಸಭೆ ಹಾಡುವ ಐದು ಹಾಡಿಗೆ ಶ್ರುತಿ ಹೇಳುತ್ತೇನೆ. ಇರ್ಬಿ ಜಿ. ‘ಓ ಕಮ್ ಆಲ್ ಯೀ ಫೇಯ್ತ್‌ಫುಲ್’ ಜಿ: ಮಧ್ಯ ಡಿಯಿಂದ ಮೇಲಿನ ಡಿವರೆಗೆ ಸರಿಯಾಗಿ ಒಂದು ಸ್ಥಾಯಿ, ಎಲ್ಲರಿಗೂ ಒಗ್ಗುತ್ತದೆ. ‘ಹಾರ್ಕ್ ದ ಹೆರಲ್ಡ್’ ಪುಸ್ತಕಗಳಲ್ಲಿ ಜಿಯಲ್ಲೂ ಎಫ್‌ನಲ್ಲೂ ಸಿಗುತ್ತದೆ. ಜಿಯಲ್ಲಿ ಕೊನೆಯ ಪಲ್ಲವಿ ಮೇಲಿನ ಇ ಮುಟ್ಟುತ್ತದೆ, ಬೆಂಚಿನಲ್ಲಿ ಕೂತವರಲ್ಲಿ ಅರ್ಧ ಜನ ಅಲ್ಲಿ ಬಾಯಿ ಮುಚ್ಚುತ್ತಾರೆ. ಎಫ್ ತೆಗೆದುಕೊಳ್ಳಿ. ‘ಜಾಯ್ ಟು ದ ವರ್ಲ್ಡ್’ ಡಿ. ಅದು ತಾರ ಷಡ್ಜದಿಂದ ಮೆಟ್ಟಿಲು ಮೆಟ್ಟಿಲಾಗಿ ಮಧ್ಯ ಷಡ್ಜಕ್ಕೆ ಇಳಿಯುವ ಅವರೋಹಣ; ದನಿ ಕಾಯಿಸಿಕೊಳ್ಳದವರಿಗೆ ಮೊದಲ ಸ್ವರವೇ ಗೋಡೆ, ಆದ್ದರಿಂದ ಕೊನೆಗೆ ಇಡಿ. ‘ಸೈಲೆಂಟ್ ನೈಟ್’ ಎ. 1818ರಲ್ಲಿ ಆಸ್ಟ್ರಿಯಾದ ಓಬರ್ನ್‌ಡಾರ್ಫ್‌ನಲ್ಲಿ ಗ್ರೂಬರ್ ರಾಗ ಹಾಕಿ ಗಿಟಾರ್ ಜತೆ ಹಾಡಿದ ಈ ಹಾಡು ಮುಗ್ಧವಾಗಿ ಕಂಡರೂ ಅದರ ಹರವು ಒಂದು ಸ್ಥಾಯಿ ಮೇಲೆ ಮತ್ತೆ ಒಂದು ಮಧ್ಯಮದಷ್ಟು. ಬಿ ಫ್ಲಾಟ್‌ನಲ್ಲಿ ಮೇಲೆ ಇ ಫ್ಲಾಟ್ ತನಕ ಹೋಗುತ್ತದೆ. ಎ ಮೇಜರ್‌ನಲ್ಲಿ ಡಿಗೆ ನಿಲ್ಲುತ್ತದೆ.

ಆರ್ಗನ್ ಹೇಗೆ ನುಡಿಸಬೇಕು ಎಂಬುದಕ್ಕೆ ಬರೋಣ. ಗುಂಡಿಗಳ ಮೇಲಿನ 8, 4, 2, 16 ಎಂಬ ಅಡಿ ಲೆಕ್ಕ ಅತಿ ಕೆಳಗಿನ ಕೊಳವೆಯ ಉದ್ದ. 8 ಅಡಿ ಹಾಡುವ ಸ್ಥಾಯಿಯಲ್ಲೇ ಇರುತ್ತದೆ, 4 ಅದಕ್ಕೆ ಒಂದು ಸ್ಥಾಯಿ ಮೇಲೆ, 2 ಎರಡು ಸ್ಥಾಯಿ ಮೇಲೆ, 16 ಒಂದು ಸ್ಥಾಯಿ ಕೆಳಗೆ. 150 ಜನರ ಸಭೆಗೆ ಗ್ರೇಟ್‌ನಲ್ಲಿ (ಮುಖ್ಯ ಮ್ಯಾನ್ಯುವಲ್) ಪ್ರಿನ್ಸಿಪಲ್ (ಆರ್ಗನ್‌ನ ಮೂಲ ದನಿ) 8 ಮತ್ತು 4, ಪೆಡಲ್‌ನಲ್ಲಿ 16 ಮತ್ತು 8 ಸಾಕು. 2 ಅಡಿಯದನ್ನು ಮೂರನೇ ಚರಣಕ್ಕೆ ಸೇರಿಸಿ, ಹಲವು ಮೇಲಿನ ಸ್ವರಗಳನ್ನು ಒಟ್ಟಿಗೆ ಸೇರಿಸುವ ಮಿಕ್ಸ್‌ಚರ್ ಕೊನೆಯ ಚರಣಕ್ಕೆ. ಜನ ಜೋರಾಗಿ ಹಾಡಲಿ ಎಂದು 8 ಅಡಿಯ ಗುಂಡಿಗಳನ್ನೇ ನಾಲ್ಕೈದು ಎಳೆಯುವುದು ತಪ್ಪು: ದನಿ ದಪ್ಪವಾಗುತ್ತದೆ, ಸ್ಪಷ್ಟವಾಗುವುದಿಲ್ಲ. ಸಭೆಯನ್ನು ಮುನ್ನಡೆಸುವುದು 4 ಮತ್ತು 2 ಅಡಿಯ ಹೊಳಪು. ‘ಸೈಲೆಂಟ್ ನೈಟ್’ ಎಂದೊಡನೆ ದನಿ ನಡುಗಿಸುವ ಟ್ರೆಮ್ಯುಲಂಟ್ ಗುಂಡಿ ಒತ್ತುವ ಚಾಳಿ ಬಹಳ ಕಡೆ ಇದೆ. ಅದು ಹಾಡುವವರ ಶ್ರುತಿ ಕೆಡಿಸುತ್ತದೆ, ಒತ್ತಬೇಡಿ.

ಪೆಡಲ್ ರೂಢಿಯಿಲ್ಲದಿದ್ದರೆ ನಿಮ್ಮ ವಾದ್ಯದಲ್ಲಿ ‘ಬಾಸ್ ಕಪ್ಲರ್’ ಗುಂಡಿ ಇದೆಯೇ ನೋಡಿ. ಕೈಯಲ್ಲಿ ಒತ್ತಿದ ಅತಿ ಕೆಳಗಿನ ಸ್ವರವನ್ನು ಅದು ತಾನೇ ಪೆಡಲ್ ದನಿಗೆ ದಾಟಿಸುತ್ತದೆ. ಇಲ್ಲದಿದ್ದರೆ ಪೆಡಲ್ ಬಿಟ್ಟು ಕೈಯಲ್ಲೇ ನುಡಿಸಿ. ತಡಕಾಡುವ ಪೆಡಲ್ ಸಭೆಯ ತಾಳ ಕೆಡಿಸುವಷ್ಟು ಬೇರೇನೂ ಕೆಡಿಸದು.

ಆರ್ಗನ್ ಸ್ವರಕ್ಕೆ ಪೆಟ್ಟಿಲ್ಲ, ಬೆರಳು ಎಷ್ಟು ಜೋರಾಗಿ ಒತ್ತಿದರೂ ದನಿ ಒಂದೇ. ಹಾಗಾಗಿ ತಾಳ ಕೇಳಿಸುವುದು ಸ್ವರಗಳ ನಡುವಿನ ಚಿಕ್ಕ ಮೌನದಿಂದ. ಮೇಲಿನ ಸಾಲಿನಲ್ಲಿ ಒಂದೇ ಸ್ವರ ಮತ್ತೆ ಬಂದಾಗ ಬೆರಳು ಎತ್ತಿ ಒತ್ತಿ. ಒಳದನಿಗಳಲ್ಲಿ ಅದೇ ಸ್ವರ ಮುಂದುವರಿದರೆ ಹಿಡಿದುಕೊಂಡೇ ಇರಿ. ಪಿಯಾನೊದಿಂದ ಬಂದವರು ಎಲ್ಲವನ್ನೂ ಎತ್ತುತ್ತಾರೆ ಅಥವಾ ಎಲ್ಲವನ್ನೂ ಅಂಟಿಸುತ್ತಾರೆ. ಚರಣಗಳ ನಡುವಿನ ಬಿಡುವು ಪ್ರತಿ ಸಲವೂ ಅಷ್ಟೇ ಎಣಿಕೆ ಇರಬೇಕು. ಎರಡು ಎಣಿಕೆ ಎಂದು ಗೊತ್ತುಮಾಡಿಕೊಂಡರೆ ಐದೂ ಹಾಡಿಗೆ ಎರಡೇ. ಒಂದು ಕಡೆ ಎರಡು, ಇನ್ನೊಂದು ಕಡೆ ಮೂರೂವರೆ ಆದರೆ ಸಭೆ ಧೈರ್ಯ ಕಳೆದುಕೊಂಡು, ಆರ್ಗನ್ ಶುರುವಾದ ಮೇಲೆ ಬಾಯಿ ತೆರೆಯುತ್ತದೆ.

ಕೊನೆಯ ಚರಣಕ್ಕೆ ಡಿಸ್ಕ್ಯಾಂಟ್ (ಮೂಲ ರಾಗದ ಮೇಲೆ ಹಾಡುವ ಇನ್ನೊಂದು ಸಾಲು) ಇಟ್ಟರೆ ಅದು ನಾಲ್ಕು ಸೊಪ್ರಾನೊಗಳಿಗೆ ಮಾತ್ರ. ಉಳಿದ ಹನ್ನೆರಡೂ ಜನ ಮೂಲ ರಾಗವನ್ನೇ ಹಾಡಬೇಕು, ಸಾಲು ಸಭೆಯ ಕೈತಪ್ಪಬಾರದು. 1957ರಿಂದ 1974ರವರೆಗೆ ಕಿಂಗ್ಸ್‌ನಲ್ಲಿ ಸಂಗೀತ ನಿರ್ದೇಶಕರಾಗಿದ್ದ ಡೇವಿಡ್ ವಿಲ್ಕಾಕ್ಸ್ ಬರೆದ ಡಿಸ್ಕ್ಯಾಂಟ್‌ಗಳೇ ಜಗತ್ತಿನಾದ್ಯಂತ ಚಾಲ್ತಿಯಲ್ಲಿರುವುದು. ‘ಓ ಕಮ್’ನ ಕೊನೆಯ ಚರಣದಲ್ಲಿ ‘ವರ್ಡ್ ಆಫ್ ದ ಫಾದರ್’ ಎಂಬಲ್ಲಿ ಅವರು ಇಟ್ಟ ಕಾರ್ಡ್‌ಗಾಗಿ ಆರ್ಗನಿಸ್ಟ್‌ಗಳು ವರ್ಷವಿಡೀ ಕಾಯುತ್ತಾರೆ. ಅಲ್ಲಿ ಯಾರಾದರೂ ಸ್ತೋತ್ರ ಪುಸ್ತಕದ ಆಲ್ಟೊ, ಟೆನರ್ ಸಾಲು ಹಾಡಿದರೆ ಆರ್ಗನ್ ಜತೆ ಡಿಕ್ಕಿ ಹೊಡೆಯುತ್ತದೆ, ಎಲ್ಲರೂ ಒಂದೇ ದನಿಯಲ್ಲಿರಬೇಕು. ಆದರೆ ಗಮನಿಸಿ: ಆ ಚರಣ ‘ಈ ಸಂತಸದ ಮುಂಜಾನೆ ಹುಟ್ಟಿದವನೇ’ ಎಂಬ ಅರ್ಥದ್ದು, ಕ್ರಿಸ್ಮಸ್ ದಿನಕ್ಕೆ ಮಾತ್ರ ಮೀಸಲು. ನಿಮ್ಮದು ಅದಕ್ಕೂ ಮುಂಚಿನ ಭಾನುವಾರ. ಆಸೆ ಎಷ್ಟಿದ್ದರೂ 25ರ ಬೆಳಿಗ್ಗೆವರೆಗೆ ತಡೆದುಕೊಳ್ಳಬೇಕು.

ಆರಾಧನೆಗೆ ಮುನ್ನ ನುಡಿಸಲು ಹ್ಯಾಂಡೆಲ್‌ನ ‘ಮೆಸಾಯ’ದಲ್ಲಿ ಕುರುಬರ ದೃಶ್ಯಕ್ಕೆ ಬರುವ ‘ಪೀಫಾ’. 12/8 ತಾಳ, ಸಿ ಮೇಜರ್, ಕೆಳಗೆ ಹಿಡಿದ ಸ್ವರ, ಮೇಲೆ ತೂಗುವ ಸಾಲು. ಇಟಲಿಯ ಕುರುಬರ ಚೀಲವಾದ್ಯದ ಅನುಕರಣೆ ಅದು. ಪೆಡಲ್‌ನಲ್ಲಿ ಒಂದೇ ಸ್ವರ ಬಹಳ ಹೊತ್ತು ಹಿಡಿಯುವುದಿರುವುದರಿಂದ ಕಾಲು ಪಳಗದವರಿಗೂ ಕೈಗೆಟುಕುತ್ತದೆ. ಫ್ಲೂಟ್ 8 ಮತ್ತು 4, ಅಷ್ಟೇ. ಸಿಯಲ್ಲಿ ಮುಗಿದ ಮೇಲೆ ನಾಲ್ಕು ಕಾರ್ಡ್‌ನಲ್ಲಿ ಜಿಗೆ ದಾಟಿ ನಿಲ್ಲಲು ಆರ್ಗನಿಸ್ಟ್ ಬರೆದಿಟ್ಟುಕೊಳ್ಳಲಿ. ಕೊನೆಗೆ ಕಿಂಗ್ಸ್ ಸಂಪ್ರದಾಯ ಬಾಖ್‌ನ ‘ಇನ್ ಡಲ್ಚಿ ಜ್ಯೂಬಿಲೋ’, ಬಾಖ್ ಕೃತಿಪಟ್ಟಿಯಲ್ಲಿ ಬಿ.ಡಬ್ಲ್ಯೂ.ವಿ. 729. ಕೋರಾಲ್‌ನ ಒಂದೊಂದು ಸಾಲಿನ ನಡುವೆ ಧುಮ್ಮಿಕ್ಕುವ ಸ್ವರಗಳ ಓಟ. ಆ ಓಟಗಳನ್ನು ಮೆಟ್ರೊನೋಮ್‌ಗೆ ಕಟ್ಟಿ ನುಡಿಸಿದರೆ ವ್ಯಾಯಾಮ ಪಾಠದಂತಿರುತ್ತದೆ. ಸಾಲು ಸ್ಥಿರ, ಓಟ ಸ್ವಲ್ಪ ಸ್ವತಂತ್ರ. ದಿನಕ್ಕೆ ಅರ್ಧ ಗಂಟೆ ಕೂರುವ ಆರ್ಗನಿಸ್ಟ್ ಆದರೆ ಎಂಟು ವಾರದಲ್ಲಿ ಆಗಬಹುದು. ಇಲ್ಲವಾದರೆ ‘ಹಾರ್ಕ್ ದ ಹೆರಲ್ಡ್’ ಅನ್ನೇ ಪೂರ್ತಿ ದನಿಯಲ್ಲಿ ಇನ್ನೊಮ್ಮೆ ನುಡಿಸಿ. ಜನ ಕೈಕುಲುಕುತ್ತಾ ಹೊರಗೆ ಹೋಗುತ್ತಿರುತ್ತಾರೆ, ಯಾರೂ ಬಾಖ್ ಎಲ್ಲಿ ಎಂದು ಕೇಳುವುದಿಲ್ಲ.

ನಿಮ್ಮದು ಡಿಜಿಟಲ್ ಆದ್ದರಿಂದ ಒಂದು ತಲೆನೋವು ತಪ್ಪಿದೆ. ಬೆಂಗಳೂರಿನ ಸೇಂಟ್ ಆಂಡ್ರೂಸ್ ಚರ್ಚಿನಲ್ಲಿರುವಂಥ ಪೈಪ್ ಆರ್ಗನ್‌ಗಳಲ್ಲಿ ತಾಪಮಾನ ಒಂದು ಡಿಗ್ರಿ ಏರಿದರೆ ಫ್ಲೂ ಕೊಳವೆಗಳ (ಕೊಳಲಿನಂತೆ ಗಾಳಿಯಿಂದಲೇ ನುಡಿಯುವಂಥವು) ಶ್ರುತಿ ಸುಮಾರು 3 ಸೆಂಟ್ ಏರುತ್ತದೆ. ಅರ್ಧ ಸ್ವರ ಎಂದರೆ 100 ಸೆಂಟ್. ಟ್ರಂಪೆಟ್‌ನಂಥ ರೀಡ್ ಕೊಳವೆಗಳು (ಲೋಹದ ನಾಲಿಗೆ ಕಂಪಿಸಿ ನುಡಿಯುವಂಥವು) ಅಷ್ಟು ಕದಲುವುದಿಲ್ಲ. ಚಳಿಯ ಬೆಳಿಗ್ಗೆ ಶ್ರುತಿ ಮಾಡಿ, ಸಂಜೆ ತುಂಬಿದ ಸಭೆಯಲ್ಲಿ 5 ಡಿಗ್ರಿ ಏರಿದರೆ ಟ್ರಂಪೆಟ್ ಗುಂಡಿ ಉಳಿದವುಗಳಿಗಿಂತ 15 ಸೆಂಟ್‌ನಷ್ಟು ಕೆಳಗೆ ಕೇಳಿಸಬಹುದು. ಅಂಥ ವಾದ್ಯವಿರುವವರು ಆರಾಧನೆ ನಡೆಯುವ ಹೊತ್ತಿನ ತಾಪಮಾನದಲ್ಲೇ ಶ್ರುತಿ ಮಾಡಿಸಬೇಕು.

ಡಿಜಿಟಲ್‌ನ ತಲೆನೋವು ಕರೆಂಟು. ಮೇಣದಬತ್ತಿ ಹಾಡಿಗೆ ದೀಪ ಆರಿಸಲು ಯಾರೋ ಮೇನ್ ಬೋರ್ಡಿಗೇ ಕೈ ಹಾಕುತ್ತಾರೆ, ಆರ್ಗನ್ ಕೂಡ ಆರುತ್ತದೆ. ಆರ್ಗನ್ ಯಾವ ಸ್ವಿಚ್ಚಿನಲ್ಲಿದೆ ಎಂದು ಪಟ್ಟಿ ಅಂಟಿಸಿ, ಯುಪಿಎಸ್ ಹಾಕಿ, ಕತ್ತಲಲ್ಲಿ ಸ್ವರಲಿಪಿ ಓದಲು ಬ್ಯಾಟರಿ ದೀಪ ಇಟ್ಟುಕೊಳ್ಳಿ.

ಹಾಳೆಗಳ ವಿಷಯ. ಭಾರತದ ಕಾಯ್ದೆಯಲ್ಲಿ ರಚನಕಾರರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಹೋಲ್ಸ್ಟ್ ತೀರಿಕೊಂಡದ್ದು 1934ರಲ್ಲಿ, ಹಕ್ಕು ಮುಗಿದಿದೆ. ಅದೇ ಕವನಕ್ಕೆ ಇನ್ನೊಂದು ರಾಗ ಹಾಕಿದ ಡಾರ್ಕ್ 1976ರಲ್ಲಿ, ವಿಲ್ಕಾಕ್ಸ್ 2015ರಲ್ಲಿ ತೀರಿಕೊಂಡರು. ಇವರಿಬ್ಬರದನ್ನು ಜೆರಾಕ್ಸ್ ಮಾಡುವಂತಿಲ್ಲ, 16 ಪ್ರತಿ ಕೊಳ್ಳಬೇಕು. ಆರಾಧನೆಯಲ್ಲಿ ಹಾಡುವುದಕ್ಕೆ ಕಾಯ್ದೆ ಅಡ್ಡಿಯಿಲ್ಲ, ಪ್ರತಿ ಮಾಡುವುದು ಬೇರೆ ವಿಷಯ. ಹಕ್ಕು ಮುಗಿದ ಹಾಡುಗಳ ಸ್ವರಲಿಪಿ ಸಿ.ಪಿ.ಡಿ.ಎಲ್. (ಕೋರಲ್ ಪಬ್ಲಿಕ್ ಡೊಮೇನ್ ಲೈಬ್ರರಿ) ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಅಲ್ಲಿನ ಪ್ರತಿಗಳಲ್ಲಿ ಅಚ್ಚಿನ ತಪ್ಪು ಇರುವುದುಂಟು, ಹಂಚುವ ಮೊದಲು ಒಮ್ಮೆ ನುಡಿಸಿ ನೋಡಿ.

ಹೊತ್ತಿನ ಲೆಕ್ಕ: ಒಂಬತ್ತು ವಾಚನಕ್ಕೆ 18 ನಿಮಿಷ, ಸಭೆಯ ಐದು ಹಾಡಿಗೆ 20, ಕ್ವಾಯರ್‌ನ ಆರಕ್ಕೆ 18, ಪ್ರಾರ್ಥನೆ, ಕಾಣಿಕೆ, ಆಶೀರ್ವಾದಕ್ಕೆ 12. ಒಟ್ಟು 68. ಓದುವವರು ಹಿಂದಿನ ಬೆಂಚಿನಿಂದ ಎದ್ದು ಬಂದರೆ ತಲಾ ಅರ್ಧ ನಿಮಿಷ ಸೇರಿ 72 ದಾಟುತ್ತದೆ. ಅವರನ್ನು ಮುಂದೆ ಕೂರಿಸಿ, ಹಿಂದಿನ ಹಾಡಿನ ಕೊನೆಯ ಸಾಲಿಗೇ ಏಳಲು ಹೇಳಿ.

ಎಂಟು ವಾರ ಹೀಗೆ ಹಂಚಿ. ಮೊದಲ ಮೂರು ಶನಿವಾರ ನಾಲ್ಕು ದನಿಯ ಹಾಡುಗಳಿಗೆ, ಅದರಲ್ಲೂ ಟೆನರ್ ಮತ್ತು ಆಲ್ಟೊ ಸಾಲಿಗೆ ಬೇರೆಯಾಗಿ 25 ನಿಮಿಷ. ನಾಲ್ಕು ಮತ್ತು ಐದನೆಯದು ಒಂದೇ ದನಿಯ ಹಾಡು, ಕೀರ್ತನೆ, ಡಿಸ್ಕ್ಯಾಂಟ್. ಆರನೆಯದರಿಂದ ಆರ್ಗನ್ ಜತೆ, ಚರ್ಚಿನೊಳಗೇ. ಕೊನೆಯ ಎರಡು ಶನಿವಾರ ಯಾವ ಹಾಡನ್ನೂ ಪೂರ್ತಿ ಹಾಡಬೇಡಿ. ಪ್ರತಿ ಹಾಡಿನ ಕೊನೆಯ ಸಾಲು, ವಾಚನದ ಕೊನೆಯ ವಾಕ್ಯ, ಮುಂದಿನ ಹಾಡಿನ ಶ್ರುತಿ, ಅದರ ಮೊದಲ ಸಾಲು: ಈ ಕೀಲುಗಳನ್ನು ಮಾತ್ರ ಒಂದರ ಹಿಂದೆ ಒಂದು ಓಡಿಸಿ. ಇಡೀ ಆರಾಧನೆ 25 ನಿಮಿಷದಲ್ಲಿ ಮುಗಿಯುತ್ತದೆ, ಎರಡು ಸಲ ಮಾಡಬಹುದು. ಇಂಥ ಆರಾಧನೆಗಳು ಮುಗ್ಗರಿಸುವುದು ಹಾಡಿನ ನಡುವೆ ಕಡಿಮೆ, ಕೀಲಿನಲ್ಲೇ ಹೆಚ್ಚು. ಯಾರು ಏಳಬೇಕು, ಶ್ರುತಿ ಯಾರು ಕೊಡಬೇಕು, ಸಭೆ ಕೂತಿದೆಯೋ ನಿಂತಿದೆಯೋ ಎಂಬಲ್ಲಿ. ಹೋದ ವರ್ಷ ನಿಮಗಾದದ್ದೂ ಕೀಲಿನಲ್ಲೇ.

ಕೊನೆಯದಾಗಿ ಕ್ಯಾರಲ್ ರೌಂಡ್ಸ್. ಮನೆಮನೆಗೆ ಹೋಗಿ ರಾತ್ರಿ ಹನ್ನೊಂದರವರೆಗೆ ಇಬ್ಬನಿಯಲ್ಲಿ, ಬಯಲಿನಲ್ಲಿ ಕೂಗಿ ಹಾಡಿದರೆ ಮೂರು ದಿನಕ್ಕೆ ಸೊಪ್ರಾನೊ ದನಿ ಹೋಗುತ್ತದೆ. ರೌಂಡ್ಸ್ ಬಿಡಲಾಗುವುದಿಲ್ಲ, ಗೊತ್ತು. ಕ್ವಾಯರನ್ನು ಎರಡು ತಂಡ ಮಾಡಿ ಸರದಿ ಹಾಕಿ, ಎಲ್ಲ ಹಾಡನ್ನೂ ಒಂದು ಸ್ವರ ಇಳಿಸಿ ಒಂದೇ ದನಿಯಲ್ಲಿ ಹಾಡಿ, ಒಂಟಿ ಚರಣದ ಮೂವರು ಮಕ್ಕಳನ್ನು ಎಂಟು ಗಂಟೆಗೆ ಮನೆಗೆ ಕಳಿಸಿ. ಆರಾಧನೆಯ ಹಿಂದಿನ ರಾತ್ರಿ ಮಾತ್ರ ರೌಂಡ್ಸ್ ಬೇಡವೇ ಬೇಡ ಎಂದು ಸಭಾಪಾಲಕರ ಬಾಯಿಂದಲೇ ಈಗಲೇ ಹೇಳಿಸಿಬಿಡಿ.